ನಾನು ಸಹಿ ಹಾಕಿ ಕೇಳಿದ ರಕ್ತ

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನರ್ಸ್ ಹೆರಿಗೆ ಕೋಣೆಯ ಬಾಗಿಲನ್ನು ಅರ್ಧ ತೆರೆದು, "ಹಳೆ ಸೀರೆ ಇನ್ನೂ ಉಂಟಾ?" ಎಂದು ಕೇಳಿದರು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಮಗು ಹುಟ್ಟಿದ ಸಮಯವನ್ನು ಜಾತಕಕ್ಕೆಂದು ಅಂಗೈಯಲ್ಲಿ ಬರೆದುಕೊಂಡಿದ್ದೆ, ಹತ್ತು ನಲವತ್ತೆರಡು. ಬೆವರಿಗೆ ಅಳಿಸಿ ಹೋದೀತೆಂದು ಒಮ್ಮೆ ಅಂಗೈ, ಒಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಬ್ಯಾಗಿನಲ್ಲಿ ಉಳಿದಿದ್ದ ಎರಡು ಸೀರೆ ತೆಗೆದುಕೊಟ್ಟೆ. ಅಮ್ಮ ಒಗೆದು, ಬಿಸಿಲಿಗೆ ಹಾಕಿ, ಮಡಚಿ ಕೊಟ್ಟಿದ್ದ ಸೀರೆಗಳು. ಕಾಲು ಗಂಟೆಯೊಳಗೆ ಅವರು ಮತ್ತೆ ಬಂದರು. ಈ ಸಲ ಸೀರೆ ಕೇಳಲಿಲ್ಲ. "ಅವರ ಗಂಡ ಎಲ್ಲಿ?" ಎಂದರು.

ಅದು ಉಡುಪಿಯ ಒಂದು ಚಿಕ್ಕ ನರ್ಸಿಂಗ್ ಹೋಮ್. ಒಳಗೆ ಇದ್ದವಳು ನನ್ನ ಅಕ್ಕ. ನಾವು ಇಬ್ಬರೇ ಮಕ್ಕಳು. ಅಪ್ಪ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಭಾವ, ಅಂದರೆ ಅಕ್ಕನ ಗಂಡ, ಉದ್ಯಾವರದ ಹೊಳೆ ಬದಿಯಲ್ಲಿ ದೋಣಿ ಕಟ್ಟುವ ಯಾರ್ಡಿನಲ್ಲಿ ಬಡಗಿ. ಮಗಳು ಹುಟ್ಟಿದ ಸುದ್ದಿ ಕೇಳಿದವರೇ ಕಾಪುವಿನಲ್ಲಿದ್ದ ಅಮ್ಮನಿಗೆ ತಿಳಿಸಲು ಎದುರಿನ ಎಸ್‌ಟಿಡಿ ಬೂತಿಗೆ ಓಡಿದ್ದರು. ಬರುವಾಗ ಕೈಯಲ್ಲಿ ಸಿಹಿ ಪೊಟ್ಟಣ ಇತ್ತು. ಡಾಕ್ಟರು ಬಾಗಿಲ ಬಳಿ ನಿಂತು, ಮಗು ಚೆನ್ನಾಗಿದೆ, ಆದರೆ ತಾಯಿಯ ಗರ್ಭಕೋಶ ಬಿಗಿಯಾಗುತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ, ಈಗಲೇ ಗುಡ್ಡದ ಮೇಲಿನ ಮಣಿಪಾಲಕ್ಕೆ ಕೊಂಡುಹೋಗಬೇಕು ಎಂದರು. ಭಾವ ಆ ಪೊಟ್ಟಣವನ್ನು ಎಲ್ಲಿ ಇಡುವುದೆಂದು ತಿಳಿಯದೆ ಡಾಕ್ಟರ ಕೈಗೇ ಕೊಟ್ಟರು. ಅವರು ಅದನ್ನು ಹಿಡಿದುಕೊಂಡೇ, "ರಕ್ತದ ಗುಂಪು ಗೊತ್ತುಂಟಲ್ಲ?" ಎಂದು ಕೇಳಿದರು.

"ಓ ಪಾಸಿಟಿವ್," ಎಂದೆ ನಾನು. "ನಾನೇ ಟೆಸ್ಟ್ ಮಾಡಿದ್ದು."

ಹೌದು, ನಾನೇ ಮಾಡಿದ್ದು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಪ್ರಾಣಿಶಾಸ್ತ್ರದ ಕೋಣೆಯಲ್ಲಿ ನನಗೆ ರಕ್ತದ ಗುಂಪು ನೋಡುವ ಮೇಜು ಸಿಕ್ಕಿತ್ತು. ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತ, ಅದಕ್ಕೆ ನೀಲಿ ಬಾಟಲಿಯಿಂದ ಒಂದು ಹನಿ, ಹಳದಿ ಬಾಟಲಿಯಿಂದ ಒಂದು ಹನಿ, ಬಣ್ಣವಿಲ್ಲದ್ದರಿಂದ ಒಂದು ಹನಿ. ನೀಲಿಯಲ್ಲಿ ರಕ್ತ ಗಂಟುಗಂಟಾದರೆ ಎ, ಹಳದಿಯಲ್ಲಾದರೆ ಬಿ, ಎರಡರಲ್ಲೂ ಇಲ್ಲದಿದ್ದರೆ ಓ; ಮೂರನೆಯದರಲ್ಲಿ ಗಂಟಾದರೆ ಪಾಸಿಟಿವ್. ಅಕ್ಕ ಹೊಸ ಚೂಡಿದಾರ ಹಾಕಿಕೊಂಡು ನೋಡಲು ಬಂದಿದ್ದಳು. ಚುಚ್ಚುವಾಗ ಕಣ್ಣು ಮುಚ್ಚಿಕೊಂಡು, "ಮೆಲ್ಲ ಮಾರಾಯ್ತಿ, ನಾನು ಕಪ್ಪೆ ಅಲ್ಲ!" ಎಂದಳು. ನೀಲಿಯಲ್ಲಿ ಗಂಟಿಲ್ಲ, ಹಳದಿಯಲ್ಲಿ ಗಂಟಿಲ್ಲ, ಮೂರನೆಯದರಲ್ಲಿ ಉಂಟು. ಓ ಪಾಸಿಟಿವ್ ಎಂದು ಚೀಟಿಯಲ್ಲಿ ಬರೆದು ಕೆಳಗೆ ಸಹಿ ಹಾಕಿ ಕೊಟ್ಟೆ. ಬಸುರಿಯಾದಾಗ ನರ್ಸಿಂಗ್ ಹೋಮಿನಲ್ಲಿ ನೋಡಿದರೂ ಅದೇ ಬಂತು. ಆ ಹನಿಗಳ ಪರೀಕ್ಷೆಗೆ ತಿಳಿಯುವುದು ಅಷ್ಟೇ ಎಂದು ನನಗೆ ಗೊತ್ತಿರಲಿಲ್ಲ.

ಮಗುವನ್ನು ನರ್ಸಿನ ಕೈಯಲ್ಲಿ ಬಿಟ್ಟು ಹೊರಟೆವು. ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನನ್ನು ನೇರವಾಗಿ ಆಪರೇಷನ್ ಕೋಣೆಗೆ ಒಯ್ದರು. ಸ್ಟ್ರೆಚರಿನ ಪಕ್ಕ ಓಡುವಾಗ ಅವಳ ಕಾಲು ಮುಟ್ಟಿ ನೋಡಿದೆ. ಮಳೆಗಾಲದ ಕಲ್ಲಿನ ಹಾಗೆ ತಣ್ಣಗಿತ್ತು. ನನ್ನನ್ನು ನೋಡಿ, "ಮಗು ಅಮ್ಮನ ಹಾಗೆ ಕಾಣ್ತದಾ?" ಎಂದು ಕೇಳಿದಳು. ತುಟಿ ಬಿಳಿಚಿಕೊಂಡಿತ್ತು. ನಾನು ಉತ್ತರ ಕೊಡುವ ಮೊದಲೇ ಬಾಗಿಲು ಮುಚ್ಚಿತು.

ಅವಳ ರಕ್ತದ ಸ್ಯಾಂಪಲ್ ಹಿಡಿದುಕೊಂಡು ನಾನೂ ಭಾವನೂ ಬ್ಲಡ್ ಬ್ಯಾಂಕಿಗೆ ಓಡಿದೆವು. ಅಲ್ಲಿ ಕಿಟಕಿಯ ಹಿಂದೆ ದಪ್ಪ ಕನ್ನಡಕದ ನಡುವಯಸ್ಸಿನ ಟೆಕ್ನೀಷಿಯನ್ ಒಬ್ಬರಿದ್ದರು. ಸ್ಯಾಂಪಲ್ ತೆಗೆದುಕೊಂಡು, "ಕ್ರಾಸ್ ಮ್ಯಾಚ್ ಆಗಬೇಕು, ನಲವತ್ತೈದು ನಿಮಿಷ," ಎಂದರು. ಕೊಡುವವರ ರಕ್ತವನ್ನೂ ರೋಗಿಯ ರಕ್ತವನ್ನೂ ಬೆರೆಸಿ, ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ನೋಡುವ ಪರೀಕ್ಷೆ ಅದು. ನನಗೆ ಅದೂ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು.

"ಅಷ್ಟು ಹೊತ್ತು ಇಲ್ಲ ಸಾರ್. ಅವಳು ಓ ಪಾಸಿಟಿವ್. ನಿಮ್ಮಲ್ಲಿ ಓ ಪಾಸಿಟಿವ್ ಉಂಟು. ಕೊಡಿ."

"ಮೇಡಂ, ಕೂತ್ಕೊಳ್ಳಿ."

"ನಾನು ಬಿ.ಎಸ್ಸಿ. ಮಾಡಿದವಳು. ಅವಳ ಗುಂಪು ನಾನೇ ನೋಡಿದ್ದು. ಕಾಯ್ತಾ ಕೂತರೆ ಅಕ್ಕ ಉಳಿಯುವುದಿಲ್ಲ. ಉಳಿಯದಿದ್ದರೆ ನೀವು ಬಂದು ನನ್ನ ಅಮ್ಮನಿಗೆ ಹೇಳ್ತೀರಾ?"

ಅವರು ನನ್ನ ಮುಖ ನೋಡಲಿಲ್ಲ. "ನೀವು ಬೈಯಿರಿ, ಅಡ್ಡಿ ಇಲ್ಲ," ಎಂದು ಹೇಳುತ್ತಾ ಅಕ್ಕನ ಸ್ಯಾಂಪಲನ್ನು ಯಂತ್ರಕ್ಕಿಟ್ಟರು. ಆಮೇಲೆ ಒಂದು ಫಾರ್ಮ್ ತೆಗೆದು ಕೊಟ್ಟರು. ತೀರಾ ತುರ್ತಿನಲ್ಲಿ ಹೊಂದಾಣಿಕೆ ನೋಡದೆಯೂ ರಕ್ತ ಕೊಡಬಹುದು. ಅದಕ್ಕೆ ರೋಗಿಯ ಕಡೆಯವರ ಸಹಿ ಬೇಕು, ಆಪರೇಷನ್ ಕೋಣೆಯ ಡಾಕ್ಟರ ಸಹಿಯೂ ಬೇಕು. ನಾನು ಓದದೆ ಸಹಿ ಹಾಕಿದೆ. ಭಾವ ಡಾಕ್ಟರ ಸಹಿಗೆ ಮೆಟ್ಟಿಲು ಹತ್ತಿ ಓಡಿದರು.

ಅವರು ಮರಳಿ ಬರಲು ಏಳೆಂಟು ನಿಮಿಷ ಹಿಡಿದಿರಬೇಕು. ಫಾರ್ಮಿನಲ್ಲಿ ಡಾಕ್ಟರ ಸಹಿ ಬಿದ್ದಿತ್ತು. ನಾನು ಅದನ್ನು ಕಿಟಕಿಯೊಳಗೆ ತೂರಿದೆ. ರಕ್ತದ ಎರಡು ಚೀಲ ಮೇಜಿನ ಮೇಲೆ, ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಸಿದ್ಧವಾಗಿದ್ದವು. ಟೆಕ್ನೀಷಿಯನ್ ಫಾರ್ಮ್ ಮುಟ್ಟಲಿಲ್ಲ. ಭಾವ ಓಡಿ ಬರುವಷ್ಟರಲ್ಲಿ ಅವರು ಎರಡೂ ರಕ್ತದ ಹನಿಗಳನ್ನು ಬೆರೆಸಿ ಯಂತ್ರದಲ್ಲಿ ಒಂದು ಸುತ್ತು ತಿರುಗಿಸಿದ್ದರು. ಗಾಜಿನ ಸಣ್ಣ ಟ್ಯೂಬನ್ನು ಬೆಳಕಿಗೆ ಹಿಡಿದು ಬೆರಳಿನಿಂದ ತಟ್ಟಿದರು. ಮತ್ತೆ ತಟ್ಟಿದರು.

"ಏನಾಯ್ತು?"

ಅವರು ಟ್ಯೂಬನ್ನು ನನ್ನ ಕಡೆಗೆ ತಿರುಗಿಸಿದರು. "ನೀವು ಓದಿದವರು ಅಂದಿರಲ್ಲ, ನೋಡಿ."

ತಳದಲ್ಲಿ ರಕ್ತ ಒಂದೇ ಗಟ್ಟಿ ಉಂಡೆಯಾಗಿತ್ತು. ಎಷ್ಟು ತಟ್ಟಿದರೂ ಬಿಡಲಿಲ್ಲ. ಸುತ್ತಲಿನ ನೀರು ತಿಳಿಯಾಗಿತ್ತು. ಆ ಚೀಲ ಅಕ್ಕನ ನರಕ್ಕೆ ಹೋಗಿದ್ದರೆ ಅವಳ ಮೈಯೊಳಗೆ ಇದೇ ಆಗುತ್ತಿತ್ತು. ಎರಡನೆಯ ಚೀಲವನ್ನು ನೋಡಿದರು, ಅದೂ ಹಾಗೆಯೇ. ಫ್ರಿಜ್ಜಿನಿಂದ ಇನ್ನೂ ನಾಲ್ಕು ಓ ಚೀಲ ತೆಗೆದು ನೋಡಿದರು. ಆರೂ ಹೊಂದಲಿಲ್ಲ. ಅವರು ಫೋನ್ ಎತ್ತಿಕೊಂಡು ಒಳಗಿನ ಯಾರಿಗೋ ಹೇಳಿದ ಮಾತು ನನಗೆ ಕೇಳಿಸಿತು: "ಮೇಡಂ, ಇದು ಓ ಅಲ್ಲ."

ಬ್ಲಡ್ ಬ್ಯಾಂಕಿನ ಡಾಕ್ಟರು ಬಂದರು. ಹತ್ತಿಯ ಸೀರೆ ಉಟ್ಟ, ಮೆಲ್ಲಗೆ ಮಾತಾಡುವ ಹೆಂಗಸು. ಒಂದು ವಿದೇಶಿ ಗಿಡದ ಬೀಜದಿಂದ ತೆಗೆದ ರಸದ ಪುಟ್ಟ ಬಾಟಲಿ ತರಿಸಿದರು. ಯಾವ ಓ ಗುಂಪಿನ ರಕ್ತಕ್ಕೆ ಹಾಕಿದರೂ ಆ ರಸ ಗಂಟು ಕಟ್ಟಿಸುತ್ತದಂತೆ. ಅಕ್ಕನ ರಕ್ತಕ್ಕೆ ಹಾಕಿದಾಗ ಏನೂ ಆಗಲಿಲ್ಲ, ಹಾಲಿನ ಹಾಗೆ ನುಣ್ಣಗೆ ಉಳಿಯಿತು. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು. ಎ, ಬಿ ಎರಡಕ್ಕೂ ಅಡಿಪಾಯವಾದ ಒಂದು ವಸ್ತು ಎಲ್ಲರ ರಕ್ತಕಣದ ಮೇಲೂ ಇರುತ್ತದೆ, ಓ ಗುಂಪಿನವರಲ್ಲೂ ಇರುತ್ತದೆ. ನಿಮ್ಮ ಅಕ್ಕನಲ್ಲಿ ಅದೇ ಇಲ್ಲ. ಹಾಗಾಗಿ ಹನಿಗಳ ಪರೀಕ್ಷೆಯಲ್ಲಿ ಓ ಎಂದು ಕಾಣುತ್ತದೆ, ಆದರೆ ಓ ರಕ್ತವನ್ನೂ ಅವಳ ಮೈ ಶತ್ರು ಎಂದೇ ತಿಳಿಯುತ್ತದೆ. ಮೊದಲು ಬಾಂಬೆಯಲ್ಲಿ ಕಂಡುಹಿಡಿದದ್ದರಿಂದ ಇದಕ್ಕೆ ಬಾಂಬೆ ಗುಂಪು ಎಂದು ಹೆಸರು. ಅವಳಿಗೆ ಅದೇ ಗುಂಪಿನವರ ರಕ್ತ ಮಾತ್ರ ಆಗುತ್ತದೆ.

"ಎಷ್ಟು ಜನ ಇರ್ತಾರೆ ಮೇಡಂ ಅಂಥವರು?"

"ತುಂಬಾ ಕಡಿಮೆ," ಎಂದರು. "ಆದರೆ ಇದು ಕುಟುಂಬದಲ್ಲಿ ಬರುವಂಥದ್ದು. ನಿಮ್ಮವರನ್ನೆಲ್ಲ ಕರೆಸಿ."

ಎರಡು ಗಂಟೆಯ ಹೊತ್ತಿಗೆ ಆಪರೇಷನ್ ಕೋಣೆಯಿಂದ ಸುದ್ದಿ ಬಂತು. ಗರ್ಭಕೋಶ ತೆಗೆಯಬೇಕಾಯಿತು. ರಕ್ತ ಹೋಗುವುದು ನಿಂತಿದೆ. ಆದರೆ ಮೈಯಲ್ಲಿ ಉಳಿದದ್ದು ಎಷ್ಟು ಕಡಿಮೆಯೆಂದರೆ, ಉಸಿರಿನ ಯಂತ್ರದ ಆಸರೆಯಲ್ಲಿ ಸಂಜೆಯವರೆಗೆ ಹೃದಯ ತಾಳಬಹುದು, ರಾತ್ರಿಯ ಮಾತು ಹೇಳಲಾಗದು ಎಂದರು. ಭಾವ ಗೋಡೆಗೆ ಒರಗಿ ಕೂತರು. ಮರದ ಹುಡಿ ಮೆತ್ತಿದ ಅಂಗಿಯಲ್ಲೇ ಬಂದಿದ್ದರು. "ಒಂದು ಹಲಗೆ ಹೊಂದದಿದ್ದರೆ ಕೆತ್ತಿ ಹೊಂದಿಸಬಹುದು," ಎಂದರು ನನ್ನನ್ನು ನೋಡದೆ. "ಇದಕ್ಕೆ ಎಂತ ಮಾಡುವುದು?"

ಅಮ್ಮನನ್ನು ನರ್ಸಿಂಗ್ ಹೋಮಿನಲ್ಲಿ ಮಗುವಿನ ಬಳಿ ಇಳಿಸಿ, ಮೂರು ಗಂಟೆಗೆ ಮಾವ ಬಂದರು. ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಮನೆಗೆ ಹಿರಿಯ, ಕಾಪುವಿನ ಕಡಲ ಕರೆಯಲ್ಲಿ ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ಕೈರಂಪಣಿ ಬಲೆಯ ತಂಡದ ಯಜಮಾನ. ಅವರ ಹಿಂದೆ ಮೀನು ಸಾಗಿಸುವ ಟೆಂಪೊದಿಂದ ಇಪ್ಪತ್ತಕ್ಕೂ ಹೆಚ್ಚು ಗಂಡಸರು ಇಳಿದರು. ಬಲೆ ದಡಕ್ಕೆ ಎಳೆದದ್ದೇ ಮೀನನ್ನು ಹೆಂಗಸರಿಗೆ ಒಪ್ಪಿಸಿ, ಒದ್ದೆ ಲುಂಗಿಯಲ್ಲೇ ಬಂದವರು. ಬ್ಲಡ್ ಬ್ಯಾಂಕಿನ ವರಾಂಡ ಉಪ್ಪು ವಾಸನೆಯಿಂದ ತುಂಬಿತು.

"ಎಲ್ಲ ನಮ್ಮ ಬರಿಯವರು ಮಗಾ," ಎಂದರು ಮಾವ. "ಒಬ್ಬೊಬ್ಬರಿಂದ ಒಂದೊಂದು ಬಾಟ್ಲಿ ತೆಗೀಲಿಕ್ಕೆ ಹೇಳು."

ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ತಂದೆಯ ಬರಿ ಬೇರೆ, ಅದು ಮಕ್ಕಳಿಗೆ ಬರುವುದಿಲ್ಲ. ಆಸ್ತಿಯಿಂದ ಹಿಡಿದು ಸೂತಕದವರೆಗೆ ನಮಗೆ ಎಲ್ಲವೂ ತಾಯಿಯ ಕಡೆಯಿಂದಲೇ. "ನಮ್ಮ ರಕ್ತ" ಎಂದು ಮಾವ ಹೇಳಿದರೆ ಅದರೊಳಗೆ ಅಪ್ಪನ ಕಡೆಯವರು ಒಬ್ಬರೂ ಬರುವುದಿಲ್ಲ.

ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಅಲೆಗೆ ಎದೆ ಕೊಡುವ ಗಂಡಸರು ಸೂಜಿ ಕಂಡು ಮುಖ ಹಿಂಡಿಕೊಂಡರು. "ಎಂತ ಮಾರಾಯ, ತೊರಕೆ ಮೀನಿನ ಮುಳ್ಳು ಚುಚ್ಚಿದಾಗ ಇಷ್ಟು ಕೂಗಲಿಲ್ಲ ನೀನು," ಎಂದು ಒಬ್ಬರಿಗೊಬ್ಬರು ಹಾಸ್ಯ ಮಾಡಿದರು. ನನ್ನದನ್ನೂ ನೋಡಿದರು, ಬಿ ಬಂತು. ಉಳಿದವರದೂ ಎ, ಬಿ, ಓ. ಆ ಬೀಜದ ರಸಕ್ಕೆ ಗಂಟು ಕಟ್ಟದ ರಕ್ತ ಒಂದೂ ಇಲ್ಲ.

"ಬಾಂಬೆ ಗುಂಪಾ?" ಎಂದರು ಮಾವ. "ಅದಕ್ಕೆ ಇಷ್ಟು ತಲೆಬಿಸಿ ಯಾಕೆ? ಬೊಂಬಾಯಿಯಲ್ಲಿ ನಮ್ಮ ಜನ ಎಷ್ಟು ಬೇಕಾದರೂ ಉಂಟು. ಅಲ್ಲಿಯ ನಮ್ಮವರ ಹೋಟೆಲಿಗೆ ಫೋನ್ ಮಾಡಿ ಹೇಳ್ತೇನೆ, ನಾಳೆ ಬೆಳಿಗ್ಗೆ ಇಲ್ಲಿಗೆ ಮುಟ್ಟುವ ಬಸ್ಸಿಗೆ ಹಾಕಿ ಕಳಿಸ್ತಾರೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಕಾಪುವಿಗೆ ಬೊಂಬಾಯಿಯಿಂದ ಸೀರೆ, ಔಷಧ, ಮದುವೆ ಪ್ರಸ್ತಾಪ ಎಲ್ಲ ಆ ಬಸ್ಸಿನಲ್ಲೇ ಬರುತ್ತಿದ್ದವು. ಡಾಕ್ಟರು ನಗಲಿಲ್ಲ. "ಅಲ್ಲಿಗೆ ನಾವೂ ಫೋನ್ ಮಾಡಿದ್ದೇವೆ," ಎಂದರು. "ಈ ಗುಂಪಿನ ದಾನಿಗಳ ಪಟ್ಟಿ ಇಟ್ಟುಕೊಂಡವರು ಅಲ್ಲಿದ್ದಾರೆ. ಆದರೆ ಅದು ಬರುವಾಗ ನಾಳೆ ಆಗ್ತದೆ. ನಮಗೆ ಇವತ್ತು ಬೇಕು." ಆಮೇಲೆ ಬಲೆಯ ತಂಡದ ಕಡೆ ತಿರುಗಿ, ಒಪ್ಪಿದರೆ ನೀವೂ ಕೊಟ್ಟು ಹೋಗಿ ಎಂದರು. ರಕ್ತವನ್ನು ಈಗ ಬೇರೆ ಬೇರೆ ಭಾಗ ಮಾಡುತ್ತೇವೆ. ನಿಮ್ಮ ಕೆಂಪು ಕಣ ಅವಳಿಗೆ ಆಗದು, ಆದರೆ ಪ್ಲಾಸ್ಮಾ ಎನ್ನುವ ಹಳದಿ ನೀರು ಆಗುತ್ತದೆ. ನಮ್ಮಲ್ಲಿ ದಾಸ್ತಾನಿದ್ದ ಪ್ಲಾಸ್ಮಾವನ್ನು ಆಗಲೇ ಅವಳಿಗೆ ಕೊಡುತ್ತಿದ್ದೇವೆ, ರಕ್ತ ಹೆಪ್ಪುಗಟ್ಟಿ ನಿಂತದ್ದೂ ಅದರಿಂದಲೇ. ನೀವು ಕೊಟ್ಟದ್ದು ಆ ಜಾಗ ತುಂಬುತ್ತದೆ. ರಕ್ತ ಕೊಡಲು ಮೊದಲು ಮಲಗಿದವನು ತೊರಕೆಯ ಮುಳ್ಳಿನ ಮಾತು ಕೇಳಿಸಿಕೊಂಡವನೇ.

ಆಗ ಡಾಕ್ಟರು ನನ್ನನ್ನು ಕೇಳಿದರು: "ನಿಮ್ಮ ಅಪ್ಪ ಅಮ್ಮ ಸಂಬಂಧಿಕರಾ?"

"ಹೌದು ಮೇಡಂ. ಸೋದರ ಸಂಬಂಧ."

"ಹಾಗಾದರೆ ಇದು ಎರಡೂ ಕಡೆಯಿಂದ ಬಂದಿರಬೇಕು. ಅಪ್ಪನ ಕಡೆಯವರು ಎಲ್ಲಿ?"

ಮಾವ ಕೆಮ್ಮಿದರು. "ಆ ಕಡೆಯ ಬರಿ ಬೇರೆ ಡಾಕ್ಟ್ರೇ."

"ರಕ್ತಕ್ಕೆ ಬರಿ ಗೊತ್ತಿಲ್ಲ," ಎಂದರು ಅವರು.

ಅಪ್ಪನ ಕಡೆಯಲ್ಲಿ ಹತ್ತಿರದವರೆಂದರೆ ಒಬ್ಬಳೇ ಅತ್ತೆ, ಅಪ್ಪನ ತಂಗಿ. ಅವಳನ್ನು ಕೊಟ್ಟದ್ದೂ ಸಂಬಂಧದೊಳಗೇ. ಬೆಳ್ಮಣ್‌ನಲ್ಲಿ ಅವರದು ಒಣಮೀನಿನ ಅಂಗಡಿ. ಅತ್ತೆಯ ಒಬ್ಬನೇ ಮಗನಿಗೂ ಅಕ್ಕನಿಗೂ ಮದುವೆಯೆಂದು ಇಬ್ಬರೂ ಚಿಕ್ಕವರಿದ್ದಾಗಲೇ ಮಾತಾಗಿತ್ತು. ವಯಸ್ಸು ಬಂದಾಗ ಅಕ್ಕ ಒಪ್ಪಲಿಲ್ಲ. ಜೊತೆಗೆ ಆಡಿ ಬೆಳೆದವನನ್ನು ಗಂಡನೆಂದು ಹೇಗೆ ನೋಡುವುದು ಎಂದಳು. ಅಂದಿನಿಂದ ಅತ್ತೆ ನಮ್ಮ ಮನೆಗೆ ಕಾಲಿಡಲಿಲ್ಲ. ಅಕ್ಕನ ಮದುವೆಗೂ ಬರಲಿಲ್ಲ. ಈ ಮಗ ಉಡುಪಿ ಮತ್ತು ಕಾರ್ಕಳದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ನಾನು ಹಿರಿಯಡ್ಕದ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ, ದಿನವೂ ಅದೇ ದಾರಿ. ಮುಖ ನೋಡಲು ನಾಚಿಕೆಯಾಗಿ ಅವನ ಬಸ್ಸು ಬಂದರೆ ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದೆ. ನಾಲ್ಕು ವರ್ಷ ತಪ್ಪಿಸಿಕೊಂಡದ್ದರಿಂದ ಆ ಬಸ್ಸಿನ ಸಮಯಗಳೆಲ್ಲ ನನಗೆ ಬಾಯಿಪಾಠ. ಮಣಿಪಾಲಕ್ಕೆ ನಾಲ್ಕು ಮೂವತ್ತೈದು. ಗಡಿಯಾರ ನೋಡಿದೆ. ಹನ್ನೆರಡು ನಿಮಿಷ ಇತ್ತು.

ಅಷ್ಟು ಓಡಿದ್ದು ಶಾಲೆಯಲ್ಲೂ ಇಲ್ಲ. ಬಸ್ಸು ಬಂತು, ನಾನು ಹತ್ತಿದೆ. ಶಾಲೆ ಬಿಟ್ಟ ಮಕ್ಕಳು, ಆಸ್ಪತ್ರೆಯಿಂದ ಮರಳುವವರು, ನಿಲ್ಲಲು ಜಾಗವಿರಲಿಲ್ಲ. ಅವನು ಬಾಯಲ್ಲಿ ವಿಸಿಲ್ ಇಟ್ಟುಕೊಂಡೇ ನನ್ನನ್ನು ನೋಡಿದ. ಊದಲಿಲ್ಲ.

"ಭಾವ," ಎಂದೆ. ಅತ್ತೆಯ ಮಗನನ್ನೂ ನಾನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಹಾಗೆಯೇ. "ಅಕ್ಕನಿಗೆ ರಕ್ತ ಬೇಕು. ಯಾರದ್ದೂ ಆಗುವುದಿಲ್ಲ. ನಿನ್ನದು ಒಮ್ಮೆ ನೋಡಬೇಕು. ಇಳಿ."

ಅವನ ಮುಖ ಬಾಡಿತು. "ನನ್ನ ರಕ್ತ ಯಾರಿಗೂ ಬೇಡ. ನಿಮಗೆ ಗೊತ್ತಿತ್ತಲ್ಲ!"

"ಎಂತ ಗೊತ್ತಿತ್ತು?"

"ಗೊತ್ತಿದ್ದೇ ಅಲ್ವಾ ಅವಳು ಬೇಡ ಅಂದದ್ದು?"

ನನಗೆ ಒಂದೂ ಅರ್ಥವಾಗಲಿಲ್ಲ. ಅವನು ಸರಳು ಹಿಡಿದುಕೊಂಡು, ಜನರ ನಡುವೆಯೇ ತಗ್ಗಿದ ದನಿಯಲ್ಲಿ ಹೇಳಿದ. ಅಕ್ಕನ ಜೊತೆ ಮದುವೆಯ ಮಾತು ಮತ್ತೆ ಏಳುವ ಸ್ವಲ್ಪ ಮೊದಲು ಕಾರ್ಕಳದಲ್ಲಿ ರಕ್ತದಾನದ ಶಿಬಿರವಿತ್ತು. ಬಸ್ಸಿನವರೆಲ್ಲ ಕೊಟ್ಟರು, ಇವನೂ ಕೊಟ್ಟ. ತಿಂಗಳೊಳಗೆ ಅವನೊಬ್ಬನಿಗೆ ಪತ್ರ ಬಂತು. ನಿಮ್ಮ ರಕ್ತದಲ್ಲಿ ವಿಶೇಷವೊಂದು ಕಂಡಿದೆ, ಇನ್ನೊಂದು ಪರೀಕ್ಷೆಗೆ ದಯವಿಟ್ಟು ಬನ್ನಿ ಎಂದು. ಆ ದಿನಗಳಲ್ಲಿ ರಕ್ತಪರೀಕ್ಷೆಗೆ ಮತ್ತೆ ಕರೆದರು ಎಂದರೆ ಊರಿನ ಬಾಯಲ್ಲಿ ಅದಕ್ಕೆ ಒಂದೇ ಅರ್ಥ, ಏಡ್ಸ್. ಅತ್ತೆ ಪತ್ರವನ್ನು ಟ್ರಂಕಿನ ತಳದಲ್ಲಿ ಹೂತಿಟ್ಟು, ಯಾರಿಗೂ ಹೇಳಬಾರದೆಂದು ಮಗನಿಂದ ಆಣೆ ಹಾಕಿಸಿಕೊಂಡಳು. ಮರುತಿಂಗಳು ಅಕ್ಕ ಬೇಡವೆಂದಾಗ, ಹೇಗೋ ವಿಷಯ ಗೊತ್ತಾಗಿ ಕಾಪುವಿನವರು ಅವಮಾನ ಮಾಡಿದರೆಂದೇ ತಿಳಿದಳು. ಆಮೇಲೆ ಬೇರೆ ಹೆಣ್ಣನ್ನೂ ನೋಡಲಿಲ್ಲ.

"ಯಾರೂ ನಮಗೆ ಹೇಳಿಲ್ಲ," ಎಂದೆ. "ಆ ವಿಶೇಷವೇ ಬೇಕಾದದ್ದು ಭಾವ. ಅಕ್ಕನದ್ದೂ ಅದೇ. ನೀನು ಇಳಿ."

ಅವನು ಬಸ್ಸಿನ ಉದ್ದಕ್ಕೂ ನೋಡಿದ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದವರು ಕೂಗಿದರು: "ಎಂತ ಮಾರಾಯ, ಇನ್ನೂ ಯೋಚನೆಯಾ? ಬ್ಯಾಗು ಇಲ್ಲಿ ಕೊಡು. ಹಿಂದಿನ ಬಸ್ಸಿನವ ಬಂದು ನನ್ನ ಟೈಮ್ ತಿನ್ನುವ ಮೊದಲು ಇಳಿ!" ಮುಂದಿನ ಸೀಟಿನ ಒಬ್ಬ ಟೀಚರ್, "ಟಿಕೆಟ್ ನಾನು ಕೊಡ್ತೇನೆ, ದಿನಾ ನೋಡಿ ಗೊತ್ತುಂಟು," ಎಂದು ಕೈ ಚಾಚಿದರು. ಅವನು ವಿಸಿಲನ್ನೂ ಅವರಿಗೇ ಕೊಟ್ಟ. ನಾವು ಇಳಿದ ಮೇಲೆ ಅವರು ಊದಿದ್ದು ಕೇಳಿಸಿತು, ಮಕ್ಕಳೆಲ್ಲ ನಕ್ಕರು. ಆ ನಗು ನನಗೆ ಈಗಲೂ ಕಿವಿಯಲ್ಲಿದೆ. ಆ ಹೊತ್ತಿನಲ್ಲೂ ಜನ ನಗಬಲ್ಲರು ಎಂದು ಆಶ್ಚರ್ಯವಾಗಿತ್ತು.

ಅದೇ ಟೆಕ್ನೀಷಿಯನ್ ಅವನ ರಕ್ತ ತೆಗೆದು ಬೀಜದ ರಸ ಹಾಕಿದರು. ನುಣ್ಣಗೆ ಉಳಿಯಿತು. ಅಕ್ಕನದರ ಜೊತೆ ಬೆರೆಸಿದರು. ಯಂತ್ರ ತಿರುಗಿ ನಿಂತಿತು. ಟ್ಯೂಬನ್ನು ತಟ್ಟಿದಾಗ ತಳದ ಕೆಂಪು ಹೊಗೆಯ ಹಾಗೆ ಎದ್ದು ಹರಡಿತು, ಒಂದು ಗಂಟೂ ಇಲ್ಲ. ನಾನು ಉಸಿರು ಬಿಟ್ಟೆ. ಅವರು ಬಿಡಲಿಲ್ಲ. ಪೂರ್ತಿ ಪರೀಕ್ಷೆಗೆ ಇಟ್ಟು, ಗೋಡೆಯ ಗಡಿಯಾರ ನೋಡಿ, ನಲವತ್ತೈದು ನಿಮಿಷ ಕಾದರು. ಈ ಸಲ ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಸೋಂಕಿನ ಪರೀಕ್ಷೆಗಳೂ ಆದವು. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದಾಗ, ಅತ್ತೆಯ ಮಗ ಹಾಸಿಗೆಯಲ್ಲಿ ಮಲಗಿದ್ದವನು, "ಎಲ್ಲ ಅಂದರೆ ಅದೂ ಸೇರಿಯಾ ಮೇಡಂ?" ಎಂದು ಕೇಳಿದ. "ಅದೂ ಸೇರಿ," ಎಂದರು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನಾಲ್ಕು ವರ್ಷ ಆ ಹೆದರಿಕೆಯನ್ನು ಹೊತ್ತುಕೊಂಡು ಅವನು ನಾವು ನಿಂತಿದ್ದ ಕಟ್ಟಡದ ಮುಂದೆ ದಿನಕ್ಕೆ ಆರು ಸಲ ಓಡಾಡಿದ್ದ.

ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಆ ಚೀಲವನ್ನು ಅಕ್ಕನಿಗೆ ಏರಿಸಿದರು. ಒಬ್ಬರಿಂದ ಒಂದೇ ಚೀಲ ತೆಗೆಯಬಹುದು. ಅದು ಸಾಲದು, ಆದರೆ ಬೆಳಗಿನವರೆಗೆ ಸೇತುವೆಯಾಗಬಹುದು ಎಂದರು. ಮಾರನೆಯ ಬೆಳಿಗ್ಗೆ ಬೊಂಬಾಯಿಯಿಂದ ಎರಡು ಚೀಲ ಬಂದವು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ರಾತ್ರಿಯಿಡೀ ಓಡಿದ ಬಸ್ಸಿನಲ್ಲಿ. ಕೊಟ್ಟವರು ಯಾರೆಂದು ನಮಗೆ ಹೇಳಲಿಲ್ಲ. "ನಾನು ಎಂತ ಹೇಳಿದ್ದೆ?" ಎಂದರು ಮಾವ ಎಲ್ಲರಿಗೂ. ಅದನ್ನು ಅವರು ಸಾಯುವವರೆಗೆ ಹೇಳುತ್ತಲೇ ಇದ್ದರು.

ಬೊಂಬಾಯಿಯ ಪೆಟ್ಟಿಗೆಯ ಹಿಂದೆಯೇ ಅತ್ತೆ ಬಂದಳು. ಟ್ರಂಕಿನ ತಳದಿಂದ ತೆಗೆದ ಪತ್ರ ಕೈಯಲ್ಲಿತ್ತು. ನಾಲ್ಕು ಮಡಿಕೆಯಲ್ಲಿ ಹರಿಯುವ ಹಾಗಿತ್ತು, ಒಣಮೀನಿನ ವಾಸನೆ ಹಿಡಿದಿತ್ತು. ಅಮ್ಮ ಮಗುವನ್ನು ಅವಳ ಮಡಿಲಲ್ಲಿಟ್ಟಳು. ಅತ್ತೆ ಮಗುವಿನ ಮೂಗು ಮುಟ್ಟಿ, "ಇದು ನನ್ನ ಅಣ್ಣನ ಮೂಗು," ಎಂದಳು. ಬರಿಯ ಲೆಕ್ಕದಲ್ಲಿ ಅವಳಿಗೆ ಆ ಮಗು ಏನೂ ಅಲ್ಲ. ಮಾವ ಅಲ್ಲೇ ಇದ್ದರು, ಬಗ್ಗಿ ಮಗುವಿನ ಮೂಗನ್ನು ತಾವೂ ನೋಡಿದರು.

ಮೂರನೆಯ ದಿನ ಅಕ್ಕ ಕಣ್ಣು ಬಿಟ್ಟಳು. ಹದಿನೇಳನೆಯ ದಿನ ಕಾಪುವಿಗೆ ಕರೆತಂದೆವು.

ಎಲ್ಲರಿಗೂ ಅಲ್ಲಿಗೆ ಮುಗಿಯಿತು, ನನಗೆ ಮುಗಿಯಲಿಲ್ಲ. ಹಗಲಿನಲ್ಲಿ ಚೆನ್ನಾಗಿಯೇ ಇರುತ್ತಿದ್ದೆ, ಮಗುವಿನ ಬಟ್ಟೆ ಒಗೆಯುತ್ತಿದ್ದೆ. ಮಲಗಿದರೆ ಆ ಕಿಟಕಿ ಬರುತ್ತಿತ್ತು. ಮೇಜಿನ ಮೇಲೆ ಎರಡು ಚೀಲ, ನನ್ನ ಸಹಿ, ಡಾಕ್ಟರ ಸಹಿ. ಕನಸಿನಲ್ಲಿ ಟೆಕ್ನೀಷಿಯನ್ ಪ್ರತಿ ಸಲವೂ ಸರಿ ಎನ್ನುತ್ತಿದ್ದರು, ಚೀಲವನ್ನು ನನ್ನ ಕೈಗೆ ಕೊಡುತ್ತಿದ್ದರು, ಅದು ಬೆಚ್ಚಗಿರುತ್ತಿತ್ತು. ಎದ್ದು ಹೋಗಿ ಅಕ್ಕನ ಕಾಲು ಮುಟ್ಟಿ ನೋಡುತ್ತಿದ್ದೆ. ಅವಳಿಗೆ ಎಚ್ಚರವಾಗುತ್ತಿತ್ತು, ಮಗುವಿಗೆ ಎಚ್ಚರವಾಗುತ್ತಿತ್ತು, ಅಮ್ಮ ಏಳುತ್ತಿದ್ದಳು. ಹೀಗೆ ಒಬ್ಬಳ ಹೆದರಿಕೆಗೆ ಮನೆಯ ನಾಲ್ಕೂ ಜನ ನಿದ್ದೆಗೆಟ್ಟಿದ್ದೆವು.

ಒಂದು ಮಧ್ಯಾಹ್ನ ಮಣಿಪಾಲಕ್ಕೆ ಹೋಗಿ ಆ ಟೆಕ್ನೀಷಿಯನ್ ಅವರನ್ನು ಕಂಡೆ. ಆ ದಿನ ಹಾಗೆ ಮಾತಾಡಿದ್ದಕ್ಕೆ ಕ್ಷಮಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ತುಂಬ ಹೊತ್ತು ನನ್ನನ್ನು ನೋಡಿದರು. ಅಕ್ಕನ ರಕ್ತ ಅವರಿಗೆ ಚೆನ್ನಾಗಿ ನೆನಪಿತ್ತು, ನಾನು ನೆನಪಿರಲಿಲ್ಲ. "ಇಲ್ಲಿ ಎಲ್ಲರೂ ಬೈತಾರೆ ಮೇಡಂ," ಎಂದರು. "ತಮ್ಮವರು ಒಳಗಿರುವಾಗ ಸುಮ್ಮನೆ ಕೂತವರನ್ನು ಕಂಡರೇ ನನಗೆ ಹೆದರಿಕೆ."

ಅಕ್ಕನಿಗೆ ಹೇಳಲು ಇನ್ನೂ ಎರಡು ವಾರ ಬೇಕಾಯಿತು. ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಫಾರ್ಮಿನ ವಿಷಯ, ಸಹಿಯ ವಿಷಯ, ಮೇಜಿನ ಮೇಲಿದ್ದ ಚೀಲದ ವಿಷಯ ಎಲ್ಲ ಹೇಳಿದೆ. "ಅವರು ಆ ಒಂದು ಸುತ್ತು ತಿರುಗಿಸದಿದ್ದರೆ ನಾನೇ ನಿನ್ನನ್ನು ಕೊಂದಿರುತ್ತಿದ್ದೆ," ಎಂದೆ.

ಅಕ್ಕ ಮಗುವನ್ನು ಇನ್ನೊಂದು ಬದಿಗೆ ತಿರುಗಿಸಿಕೊಂಡಳು. "ನಾಲ್ಕು ಮೂವತ್ತೈದರ ಬಸ್ಸಿಗೆ ಓಡಿದ್ದು ಯಾರು?" ಎಂದಳು.

"ಅದು ಬೇರೆ."

"ಬೇರೆ ಎಂತ? ಎರಡೂ ನೀನೇ ಅಲ್ವಾ?" ಸೆರಗು ಸರಿಮಾಡಿಕೊಂಡು, "ನನಗೆ ಇನ್ನೊಂದು ಮಗು ಆಗ್ಲಿಕ್ಕಿಲ್ಲ," ಎಂದಳು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಇದೊಂದನ್ನು ಸಾಕಲಿಕ್ಕೆ ನನ್ನ ಜೊತೆ ನೀನು ಬೇಕು. 'ಕೊಲ್ತಿದ್ದೆ, ಕೊಲ್ತಿದ್ದೆ' ಅಂತ ಕೂತರೆ ಬಟ್ಟೆ ಯಾರು ಒಗೆಯುವುದು?" ಆಮೇಲೆ ಇಬ್ಬರೂ ಅತ್ತೆವು. ಮಗು ನಮ್ಮನ್ನು ಲೆಕ್ಕಕ್ಕಿಡದೆ ಕುಡಿಯುತ್ತಾ ಇತ್ತು.

ಅದೇ ದಿನ ಸಂಜೆ ಅತ್ತೆ ಬೆಳ್ಮಣ್‌ನಿಂದ ಬಾಣಂತಿಗೆಂದು ಎಣ್ಣೆ ಕಾಯಿಸಿಕೊಂಡು ಬಂದಳು. ಕಡೆಯ ಬಸ್ಸು ತಪ್ಪಿತೆಂದು ಉಳಿದುಕೊಂಡಳು. ಊಟವಾದ ಮೇಲೆ ನಮ್ಮೆಲ್ಲರ ಕಣ್ಣು ನೋಡಿ, "ಎಂತ ಇದು, ಮನೆಯಾ, ಬಸ್‌ಸ್ಟ್ಯಾಂಡಾ? ಯಾರದ್ದೂ ನಿದ್ದೆ ಮಾಡಿದ ಮುಖ ಅಲ್ಲ," ಎಂದು ಬೈದಳು. ಮಗುವಿನ ಚಾಪೆಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. "ನೀವೆಲ್ಲ ಮಲಗಿ. ಇವತ್ತು ಕಾವಲು ನನ್ನದು."

ನಾನು ಅಕ್ಕನ ಬದಿಯಲ್ಲಿ ಮಲಗಿದೆ. ಅವಳ ಕಾಲಿಗೆ ನನ್ನ ಕಾಲು ತಾಗಿತ್ತು, ಬೆಚ್ಚಗಿತ್ತು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಅಮ್ಮ ಏಳುವ ಹೊತ್ತು ಮೀರಿತ್ತು, ಆದರೂ ಸೆರಗು ಮುಖಕ್ಕೆ ಹಾಕಿಕೊಂಡು ಮಲಗಿಯೇ ಇದ್ದಳು. ಅಕ್ಕ ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು, ಕೆನ್ನೆಯಲ್ಲಿ ಚಾಪೆಯ ಗೆರೆ ಮೂಡಿತ್ತು. ರಾತ್ರಿಯಿಡೀ ಮಗುವಿನ ಅಳು ಒಮ್ಮೆಯೂ ಕೇಳಿರಲಿಲ್ಲ. ಕಾವಲಿಗಿದ್ದ ಅತ್ತೆ ಅದರ ಮೇಲೆ ಒಂದು ಕೈಯಿಟ್ಟು, ಎಲ್ಲರಿಗಿಂತ ಜೋರಾಗಿ ಗೊರಕೆ ಹೊಡೆಯುತ್ತಿದ್ದಳು.